ಹಲ್ಲು ಬೇಯಸಾಂವ

ದೊಡ್ಡ ಯುದ್ಧ ಮುಗದ ಹೊಸತು. ಗಡಹಿಂಗ್ಲಜದಾಗ ನಮ್ಮ ಮಗ್ಗಲ ಮನ್ಯಾಗ ಹಲ್ಲು ಕಟ್ಟಾಂವ ಒಬ್ಬ ಇದ್ದ. ಕಟ್ಟು ಹಲ್ಲಿಗೆ ರಬ್ಬರಿನ ಒಸಡು ಹೋಗಿ ಪ್ಲಾಸ್ಟಿಕ್ಕಿಂದು ಬಂದಿತ್ತು. ಗುಲಾಬಿ ಪುಡಿ ಕಲಸಿ, ಅಚ್ಚಿನ್ಯಾಗ ತುಂಬಿ, ನೀರಿನ ಗಡಿಗ್ಯಾಗ ಇಟ್ಟು ಸಣ್ಣ ಉರಿಮ್ಯಾಲೆ ಬೇಯಸಾಂವ. ಗಡಿಗಿಗೆ ಬೆರಳು ತಾಗಿಸಿ, ಸುಟ್ಟ ಬೆರಳಿಲೆ ಕಿವಿ ಹಿಡಕೊಂಡು, "ಸಾವಕಾಶ, ಸಾವಕಾಶ" ಅನ್ನಾಂವ.

ನಮ್ಮ ಅತ್ತಿ ಬಾಯಾಗ ಒಂದೂ ಹಲ್ಲಿರಲಿಲ್ಲ. ಮಗಳ ಮದವ್ಯಾಗ ಬೀಗರ ಮುಂದ ರೊಟ್ಟಿ ಹಾಲಾಗ ನೆನಸಿ ತಿನ್ನಾಕ ಆಕಿಗೆ ನಾಚಿಕಿ. ಹಲ್ಲು ಕಟ್ಟಾಕ ಹೇಳಿ, ಅವನ ಒಲಿ ಮುಂದನ ಕುಂತಳು. ಆಂವ ಹೊರಗ ಹೋದಾಗ, ಉರಿ ಆರಾಕತ್ತೇತಿ ಅಂತ ಕಟಗಿ ತುರುಕಿದಳು. ನೀರು ಕೊತಕೊತ ಕುದೀತು.

ಅಚ್ಚು ಬಿಚ್ಚಿದ್ರ ಒಸಡಿನ ತುಂಬ ಗುಳ್ಳಿ. ಅತ್ತಿ ಮಾರಿ ಸಣ್ಣದಾತು. "ಏನಾತೋ ಯಪ್ಪಾ?"

ಆಂವ ಒಲ್ಯಾಗಿನ ಕಟಗಿ ನೋಡಿದ. "ಪುಡಿ ಕೆಟ್ಟಿತ್ರಿ, ಅವ್ವಾರ. ಮತ್ತ ಮಾಡೂಣು. ಈ ಸಲ ಒಲಿ ನೀವ ಕಾಯ್ರಿ, ಉರಿ ಯಾರಿಗೂ ಮುಟ್ಟಗೊಡಬ್ಯಾಡ್ರಿ."

ಗಡಿಗಿ ತಾನಾಗೇ ತಣ್ಣಗಾಗೂತನಕ ಅತ್ತಿ ಕೈಯಾಗ ಬಡಿಗಿ ಹಿಡದು ಕುಂತಳು. ಕೆಂಡ ಕೇಳಾಕ ಹೋದ ನನಗೂ "ದೂರ ಸರಿಯೇ!" ಅಂತ ಒದರಿದಳು.

ಮದವ್ಯಾಗ ಖಡಕ್ ರೊಟ್ಟಿ ಕಟಂ ಅಂತ ಕಡದು, ಬೀಗರಿಗೆ ಹೇಳಾಕ ಹತ್ತಿದಳು: "ಉರಿ ಹೆಚ್ಚಾದ್ರ ಹಲ್ಲು ಕೆಡತಾವ್ರಿ. ನಾ ಇದ್ದೆ ಅಂತ ಇವು ಸುದ್ದ ಆದೂ."

ಹಲ್ಲು ಕಟ್ಟಾಂವ ಅದ ಪಂಕ್ತ್ಯಾಗ ಕುಂತಿದ್ದ. "ಹೌದ್ರಿ," ಅಂದು ಸಾವಕಾಶ ಉಣಾಕತ್ತಿದ.