ಅಮ್ಮ ಹಿಡಿಯದ ವ್ರತ

ಸಂಜೆ ಬಿಸಿಲು ಇನ್ನೂ ಗೋಡೆಯ ಮೇಲಿರುವಾಗ ಯಾರದಾದರೂ ಅಡುಗೆಮನೆಯಿಂದ ಇಂಗಿನ ಒಗ್ಗರಣೆಯ ವಾಸನೆ ಬಂದರೆ ನನಗೆ ಇವತ್ತಿಗೂ ಕಾಲು ನಿಲ್ಲುವುದಿಲ್ಲ. ಬಸ್ತಿಹಳ್ಳಿಯ ನಮ್ಮ ಹೆಂಚಿನ ಮನೆಗೆ ಓಡಿಬಿಡೋಣ ಅನ್ನಿಸುತ್ತದೆ. ಓಡಿದರೆ ಸಿಗಲು ಅಲ್ಲೇನಿದೆ, ಮಣ್ಣು! ಆ ಜಾಗದಲ್ಲಿ ಈಗ ಪ್ರವಾಸಿಗಳ ಕಾರುಗಳು ನಿಲ್ಲುತ್ತವೆ. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ, ನಿಮ್ಮ ಮನೆಯೂ ಹೀಗೇ ಹೋಗಿರುತ್ತದೆ. ನಮ್ಮದು ಜೈನರ ಮನೆ. ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು, ಒಲೆ ಆರಬೇಕು. ಬಿಸಿಲು ಬಸದಿಯ ಗೋಡೆಯಿಂದ ಇಳಿದು ನಮ್ಮ ಜಗಲಿಗೆ ಬರುವಷ್ಟರಲ್ಲಿ ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ, ಎಲೆ ಹಾಕಿ ಎಲ್ಲರನ್ನೂ ಕೂಗುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ನೆಲೆಸಿದ್ದ ಅತ್ತೆ ನೇಮನಿಷ್ಠೆಯಲ್ಲಿ ಬಲು ಗಟ್ಟಿ. ಕತ್ತಲಾದ ಮೇಲೆ ನೀರನ್ನೂ ಮುಟ್ಟಿದವಳಲ್ಲ.

ನಾನು ಒಂದನೇ ಕ್ಲಾಸಿಗೆ ಸೇರಿದ ವರ್ಷ ಅಮ್ಮ ಮಾತು ಬಿಟ್ಟಳು. ಒಂದೇ ದಿನದಲ್ಲಲ್ಲ. ಮೊದಲು ಹಾಡು ನಿಂತಿತು, ಆಮೇಲೆ ನಗು, ಆಮೇಲೆ ಊಟ ಒಂದೊತ್ತಿಗೆ ಇಳಿಯಿತು. ಹಿತ್ತಿಲ ಬಾಗಿಲ ಕಂಬಕ್ಕೆ ಒರಗಿ ತೆಂಗಿನ ಗರಿಗಳ ಆಚೆ ಎಲ್ಲೋ ನೋಡುತ್ತ ಕೂತಿರುತ್ತಿದ್ದಳು. ನಮ್ಮವರಿಗೆ ಉಪವಾಸ, ಮೌನ ಹೊಸದೇ? ಮೌನವ್ರತ ಹಿಡಿದಿದ್ದಾಳೆ ಎಂದು ಮನೆಯವರೇ ತೀರ್ಮಾನಿಸಿಬಿಟ್ಟರು. ಹಳೇಬೀಡಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅಪ್ಪ ಗಿರಾಕಿಗಳ ಹತ್ತಿರ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಪಕ್ಕದ ಮನೆಯಾಕೆ ಬಂದು, "ಪುಣ್ಯವಂತೆ ಕಣ್ರೀ, ಇಷ್ಟು ಚಿಕ್ಕ ವಯಸ್ಸಿಗೆ ಇಂಥಾ ವ್ರತ!" ಎಂದು ಅಮ್ಮನಿಗೆ ಕೈಮುಗಿದು ಹೋದಳು. ಅಮ್ಮ ಆಕೆಯತ್ತ ತಿರುಗಲೂ ಇಲ್ಲ. ಅದನ್ನೂ ವೈರಾಗ್ಯ ಅಂದರು.

ನನಗೆ ಬೇಕಾಗಿದ್ದವಳು ಅಮ್ಮ. ಪುಣ್ಯವಂತೆಯನ್ನು ಕಟ್ಟಿಕೊಂಡು ನಾನೇನು ಮಾಡಲಿ? ಸ್ಕೂಲಿನಲ್ಲಿ ಪಕ್ಕ ಕೂತವಳ ಕೈ ಕಚ್ಚಿದೆ, ನೀರು ಸೋಸುವ ಮಡಿಬಟ್ಟೆಯನ್ನು ಕೆಸರಿಗೆ ಎಸೆದೆ, ಅಂಗಳದಲ್ಲಿ ಬಿದ್ದು ಹೊರಳಾಡಿದೆ. ಅಮ್ಮ ಒಂದು ಸಲ ಬೈದಿದ್ದರೆ ಸಾಕಿತ್ತು. ಬೈಯಲಿಲ್ಲ. ಆಮೇಲೆ ಅತ್ತೆಯ ಸೆರಗು ಹಿಡಿದವಳು ಬಿಡಲೇ ಇಲ್ಲ. ಅವಳು ಬಚ್ಚಲಿಗೆ ಹೋದರೂ ಬಾಗಿಲಲ್ಲಿ ಕೂತು ರಚ್ಚೆ ಹಿಡಿಯುತ್ತಿದ್ದೆ. ಇಂಥ ಪಿಶಾಚಿಯನ್ನು ಯಾರು ಸಹಿಸುತ್ತಾರೆ ಹೇಳಿ? ಅತ್ತೆ ಸಹಿಸಿದಳು. "ಇಲ್ಲೇ ಇದೀನಿ ಕಣೇ, ಎಲ್ಲಿ ಹೋಗ್ತೀನಿ?" ಎಂದು ಒಳಗಿನಿಂದ ಏನಾದರೂ ಮಾತಾಡುತ್ತಲೇ ಇರುತ್ತಿದ್ದಳು, ನನಗೆ ದನಿ ಕೇಳಲಿ ಎಂದು. ಆ ದನಿಯನ್ನು ಹಿಡಿದುಕೊಂಡೇ ನಾನು ಆ ವರ್ಷ ದಾಟಿದೆ.

ಅನುಮಾನ ಬಂದದ್ದೂ ಅವಳಿಗೇ. ವ್ರತ ಅಂದಮೇಲೆ ಸಂಕಲ್ಪ ಇರಬೇಕು, ಮುಗಿದ ದಿನ ಪಾರಣೆಯ ಊಟ ಇರಬೇಕು. ಒಂದು ಮಧ್ಯಾಹ್ನ ಅಮ್ಮನ ಹಿಂದೆ ಕೂತು, ಗಂಟುಗಂಟಾಗಿದ್ದ ಕೂದಲು ಬಿಡಿಸುತ್ತ, "ಯಾವ ವ್ರತ ಕಣಮ್ಮಾ ಇದು? ಪಾರಣೆ ಯಾವತ್ತು?" ಎಂದು ಕೇಳಿದಳು. ತುಂಬ ಹೊತ್ತಿನ ಮೇಲೆ ಅಮ್ಮ, "ವ್ರತ ಅಲ್ಲ ಅತ್ತಿಗೆ. ಹಸಿವೇ ಆಗಲ್ಲ. ಮಾತಾಡೋಣ ಅಂದ್ರೆ ಒಳಗೇನೂ ಇಲ್ಲ" ಅಂದಳು. ಅತ್ತೆ ಬಾಚಣಿಗೆ ಕೆಳಗಿಟ್ಟು ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು. ಮಾರನೆಯ ದಿನವೇ ಅಪ್ಪನ ಅಂಗಡಿಯ ಬಾಗಿಲು ಹಾಕಿಸಿ, ಇಬ್ಬರನ್ನೂ ಹಾಸನದ ಡಾಕ್ಟರ ಹತ್ತಿರ ಹೊರಡಿಸಿದಳು. ಡಿಪ್ರೆಶನ್ ಎಂಬ ಮಾತು ನಮ್ಮ ಮನೆಯ ಹೊಸಿಲು ದಾಟಿದ್ದು ಆವತ್ತೇ. ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅತ್ತೆ, "ನಿಮ್ಮಮ್ಮಂಗೆ ನಿನ್ನ ಮೇಲೆ ಕೋಪ ಇಲ್ಲ ಕಣೇ, ಹುಷಾರಿಲ್ಲ ಅಷ್ಟೇ" ಎಂದು ಹೇಳಿದಳು.

ಮಾತ್ರೆ ಶುರುವಾಗಿ ಬಹಳ ದಿನಗಳ ಮೇಲೆ, ದೇವರ ದೀಪ ಹಚ್ಚಿ ಆಗಿದ್ದ ಒಂದು ಮುಸ್ಸಂಜೆ, ಅಮ್ಮ ತಾನಾಗಿ, "ಹಸಿವಾಗ್ತಿದೆ ಅತ್ತಿಗೆ" ಅಂದಳು. ಒಲೆ ಆರಿತ್ತು. ಅಪ್ಪ, "ಬೆಳಗ್ಗೆ ಆಗ್ಲಿ..." ಎಂದು ರಾಗ ಎಳೆದ. "ಸುಮ್ನಿರೋ! ದೇವರ ಹತ್ರ ನಾನು ಮಾತಾಡ್ಕೋತೀನಿ" ಎಂದು ಗದರಿ ಅತ್ತೆ ಒಲೆ ಹಚ್ಚಿದಳು. ಕತ್ತಲಲ್ಲಿ ನಮ್ಮ ಅಡುಗೆಮನೆಯ ಬೆಂಕಿಯನ್ನು ನಾನು ಕಂಡದ್ದು ಅದೇ ಮೊದಲು. ಗೋಡೆಯ ಮೇಲೆ ಅತ್ತೆಯ ನೆರಳು ದೊಡ್ಡದಾಗಿ ಓಡಾಡುತ್ತಿತ್ತು, ಅನ್ನದ ಹಬೆ ಹೆಂಚಿನ ಕಡೆಗೆ ನಿಧಾನವಾಗಿ ಏರುತ್ತಿತ್ತು. ಕನಸೋ ಎಂಬಂತೆ ನೋಡುತ್ತ ನಿಂತಿದ್ದೆ. ಬಿಸಿ ಅನ್ನಕ್ಕೆ ತುಪ್ಪ ಬಿತ್ತು. ಅತ್ತೆ ತಾನು ಮಾತ್ರ ಒಂದು ತೊಟ್ಟು ನೀರೂ ಕುಡಿಯಲಿಲ್ಲ. ಅಮ್ಮ ಒಂದಿಷ್ಟು ತಿಂದು, ಒಂದು ತುತ್ತನ್ನು ನನ್ನ ಬಾಯಿಗೆ ತಂದು, "ಮೆಲ್ಲಗೆ, ನನ್ನ ಕೈನೂ ಕಚ್ಚೀಯ ಮತ್ತೆ" ಅಂದಳು. ಅಯ್ಯೋ, ಅವಳಿಗೆ ಎಲ್ಲ ಗೊತ್ತಿತ್ತು! ಆಮೇಲೆ ನಾನು ಯಾರನ್ನೂ ಕಚ್ಚಲಿಲ್ಲ.

ಹೋದ ವರ್ಷ ಅತ್ತೆ, ಹಳ್ಳಿ ಬಿಟ್ಟು ಬಂದು ನಾವು ನೆಲೆಸಿದ್ದ ಹಾಸನದ ಮನೆಯಲ್ಲಿ ತೀರಿಕೊಂಡಳು. ನೆಂಟರೆಲ್ಲ ಹೊರಟ ಮೇಲೆ ಅಮ್ಮ ತಟ್ಟೆ ದೂರ ಸರಿಸಿ, ಒಂದೂ ಮಾತಿಲ್ಲದೆ ಕಿಟಕಿಯಾಚೆ ನೋಡುತ್ತ ಕೂತಳು. ಮಗಳನ್ನು ಕಾಲೇಜಿಗೆ ಕಳಿಸುವ ವಯಸ್ಸಿನ ನಾನು ಮತ್ತೆ ಒಂದನೇ ಕ್ಲಾಸಿನ ಹುಡುಗಿಯಾಗಿಬಿಟ್ಟೆ. ಹತ್ತಿರ ಹೋಗಿ, "ಅಮ್ಮಾ, ಮತ್ತೆ ಬಂತಾ?" ಎಂದು ಕೇಳಿದೆ. ಅವಳು ತಿರುಗಿ ನನ್ನ ಮುಖ ನೋಡಿದಳು. "ಇಲ್ಲ ಕಣೇ, ಹೆದರ್ಕೋಬೇಡ. ಆವಾಗ ನಂಗೆ ಅಳೋಕೂ ಬರ್ತಿರ್ಲಿಲ್ಲ. ಇದು ಬರೀ ದುಃಖ" ಅಂದವಳೇ, ಅತ್ತಿಗೆ, ಅತ್ತಿಗೆ ಎಂದು ಬೀದಿಗೆಲ್ಲ ಕೇಳುವಂತೆ ಅಳತೊಡಗಿದಳು. ನಾನು ಸಮಾಧಾನ ಮಾಡಲಿಲ್ಲ. ತಬ್ಬಿಕೊಂಡು ಕೂತೆ. ಅಳಲಿ, ಚೆನ್ನಾಗಿ ಅಳಲಿ ಎಂದುಕೊಂಡೆ.