ಮೂರೂಕಾಲಕ್ಕೆ ನಿಂತ ಗಡಿಯಾರ

ಅಪ್ಪನ ಹಳೆಯ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ಪುಟ್ಟ ಗಡಿಯಾರವಿದೆ. ಅಪ್ಪ ತೀರಿಕೊಂಡ ದಿನ ಅದು ಮೂರೂಕಾಲಕ್ಕೆ ನಿಂತಿತು. ಆ ಮುಳ್ಳುಗಳನ್ನು ಅಂದೇ ನೋಡಿದ ನೆನಪು ನನಗೆ ಸ್ಪಷ್ಟವಾಗಿದೆ. ಆದರೆ ಅಂದು ನಾನು ಕಾರಿನ ಹತ್ತಿರ ಹೋಗಿಯೇ ಇರಲಿಲ್ಲ, ನೇರವಾಗಿ ಆಸ್ಪತ್ರೆಗೆ ಬಂದೆ ಎನ್ನುತ್ತಾರೆ ಚಿಕ್ಕಪ್ಪ. ಹಾಗಾದರೆ ಯಾರ ಕಣ್ಣಿನಿಂದ ನೋಡಿದೆನೋ.

ನಡೆದದ್ದು ಇಷ್ಟು. ಬೆಳಿಗ್ಗೆ ಹೊಸೂರಿಗೆಂದು ಹೊರಟ ಅಪ್ಪ ಸಾನಮಾವು ಕಾಡಿನ ಅಂಚಿನಲ್ಲಿ ಕಾರನ್ನು ಪಕ್ಕಕ್ಕೆ ನಿಲ್ಲಿಸಿದರು. ಎದೆನೋವು ಬಂದಿರಬೇಕು. ರಾಗಿ ಕೊಯ್ಲಿನ ಕಾಲ. ಆನೆಗಳು ರಸ್ತೆ ದಾಟುವ ಕಾಲ. ಆ ರಸ್ತೆಯಲ್ಲಿ ಸದ್ದಿಲ್ಲದ ಗಾಡಿಯೊಳಗೆ ಅಲ್ಲಾಡದೆ ಕೂತವರನ್ನು ಕಂಡರೆ ನಮ್ಮ ಕಡೆಯವರು ಮುಂದೆ ಆನೆಯಿದೆ ಎಂದುಕೊಳ್ಳುತ್ತಾರೆ. ಹಾರ್ನ್ ಹೊಡೆಯುವುದಿಲ್ಲ, ಕೂಗುವುದಿಲ್ಲ. ಹಿಂದೆ ನಿಂತು ಕಾಯುತ್ತಾರೆ, ಇಲ್ಲವೆ ಮೆಲ್ಲಗೆ ಗಾಡಿ ತಿರುಗಿಸಿಕೊಂಡು ಬೇರೆ ದಾರಿ ಹಿಡಿಯುತ್ತಾರೆ. ಅಂದು ಎಷ್ಟು ಜನ ಹಾಗೆ ತಿರುಗಿ ಹೋದರೋ. ಸಂಜೆ ಹುಡುಕಿಕೊಂಡು ಹೋದ ಚಿಕ್ಕಪ್ಪನೂ ಮೊದಲು ಕಾರಿನ ಹಿಂದೆ ಬೈಕ್ ನಿಲ್ಲಿಸಿಕೊಂಡು ಕಾದರಂತೆ, ಬಾರದ ಆನೆಗಾಗಿ.

ಪ್ರಾಣ ಹೋದ ಹೊತ್ತು ಯಾವುದೆಂದು ಜೋಯಿಸರು ಕೇಳಿದಾಗ ಚಿಕ್ಕಪ್ಪ ಗಡಿಯಾರದ ಹೊತ್ತು ಹೇಳಿದರು. ಅಂದು ಮಧ್ಯಾಹ್ನ ಕಳೆದ ಮೇಲೆ ಕೆಟ್ಟ ನಕ್ಷತ್ರ ಶುರುವಾಗಿತ್ತು. ಅದರಲ್ಲಿ ಸಾವಾದರೆ ಮನೆಗೆ ಆರು ತಿಂಗಳು ಬೀಗ ಹಾಕಬೇಕು. ಬೀಗ ಹಾಕಿ, ಹೊಸೂರಿನ ಮೂಕಂಡಪಲ್ಲಿಯ ಬಾಡಿಗೆ ಮನೆಗೆ ಬಂದೆವು. ಗಡುವು ಮುಗಿದು ವರ್ಷಗಳಾದವು, ಅಮ್ಮ ಮಾತ್ರ ಹಿಂತಿರುಗಲಿಲ್ಲ. ದಿನಾ ಹಳ್ಳಿಯ ಹಿತ್ತಲಿನ ಮಾತಾಡುತ್ತಾಳೆ, ಹೊಸ್ತಿಲು ತುಳಿಯಲು ಹೆದರುತ್ತಾಳೆ. ಅವಳನ್ನು ಆ ಹೊಸ್ತಿಲು ದಾಟಿಸಬೇಕೆಂದೇ ನಾನು ಗಡಿಯಾರಕ್ಕೆ ಕೈ ಹಾಕಿದ್ದು. ಅಪ್ಪನ ಎದೆ ನಿಂತರೆ ಗಡಿಯಾರ ಯಾಕೆ ನಿಲ್ಲಬೇಕು?

ಹಳ್ಳಿಯ ಮನೆಯ ಪಕ್ಕದ ಶೆಡ್ಡಿನಲ್ಲಿದ್ದ ಕಾರಿಗೆ ಹೊಸ ಬ್ಯಾಟರಿ ಕೂರಿಸಿ, ಕರೆಂಟ್ ಎಲ್ಲಿಯವರೆಗೆ ಬರುತ್ತದೆಂದು ನೋಡಲು ಟೆಸ್ಟ್ ಲ್ಯಾಂಪ್ ಹಿಡಿದೆ. ಗಡಿಯಾರದ ಫ್ಯೂಸಿನ ಈಚೆ ದೀಪ ಹತ್ತಿತು, ಆಚೆ ಹತ್ತಲಿಲ್ಲ. ಗಾಜಿನ ಫ್ಯೂಸ್ ಒಳಗೆಲ್ಲ ಕಪ್ಪಾಗಿತ್ತು. ಹೊಸದು ಹಾಕಿದೆ, ಅದೂ ಸುಟ್ಟಿತು. ಗಡಿಯಾರವನ್ನೇ ಬಿಚ್ಚಿದೆ. ಅದರೊಳಗಿನ ಸ್ಪ್ರಿಂಗ್ ಸಡಿಲವಾದಾಗಲೆಲ್ಲ ಎರಡು ಲೋಹದ ಪಾಯಿಂಟುಗಳು ಕೂಡಿ ಕರೆಂಟ್ ಹರಿಯುತ್ತದೆ. ಆಗ ಅಯಸ್ಕಾಂತವಾಗುವ ತಂತಿಯ ಕಾಯಿಲ್ ಟಕ್ಕೆಂದು ಸ್ಪ್ರಿಂಗನ್ನು ಬಿಗಿ ಮಾಡಿ ಪಾಯಿಂಟುಗಳನ್ನು ಬಿಡಿಸುತ್ತದೆ. ಈಗ ಅವು ಅಂಟಿಕೊಂಡಿದ್ದವು, ಕರೆಂಟ್ ಬಿಡದೆ ಹರಿದು ಫ್ಯೂಸ್ ಸುಡುತ್ತಿತ್ತು.

“ಅಷ್ಟೊಂದ್ ಓದ್ಬುಟ್ಟು ಗಡಿಯಾರಕ್ಕೆ ಪೋಸ್ಟ್‌ಮಾರ್ಟಂ ಮಾಡ್ತಾ ಕುಂತವ್ನೆ ನೋಡು,” ಎಂದರು ಪಕ್ಕದಲ್ಲಿದ್ದ ಚಿಕ್ಕಪ್ಪ. “ಬುಡ್ಲಾ. ಅದು ಅಣ್ಣನ ಜೊತ್ಗೇ ಹೋಗ್ಬುಡ್ತು.”

“ನೀವು ನೋಡ್ದಾಗ ಕೀ ಆನ್ ಆಗಿತ್ತಾ ಚಿಕ್ಕಪ್ಪ?”

“ಊಂ. ಸ್ಟಾರ್ಟ್ ಮಾಡಕ್ಕೋದೆ, ಬ್ಯಾಟ್ರಿ ಸುತ್ತಾಮಾ ಖಾಲಿ, ಒಂಚೂರೂ ಇರ್ಲಿಲ್ಲ.”

ಪಾಯಿಂಟುಗಳನ್ನು ನಯವಾಗಿ ಉಜ್ಜಿ ಮತ್ತೊಂದು ಫ್ಯೂಸ್ ಹಾಕಿದೆ. ಟಕ್. ಗಡಿಯಾರ ಓಡಿತು. ಆಮೇಲೆ ಬೇಕೆಂದೇ ಅರೆಜೀವದ ಬ್ಯಾಟರಿಯೊಂದಕ್ಕೆ ತಂತಿ ಕೊಟ್ಟೆ. ಟಕ್ ಎನ್ನುವುದು ಸಲಸಲಕ್ಕೂ ಮೆತ್ತಗಾಗುತ್ತ ಬಂದು, ಕೊನೆಗೆ ಪಾಯಿಂಟುಗಳು ಬಿಡಲಾರದೆ ಅಂಟಿದವು. ಸ್ವಲ್ಪ ಹೊತ್ತಿಗೆ ಫ್ಯೂಸ್ ಹೋಯಿತು. ಹಾಗಾದರೆ ಗಡಿಯಾರ ತೋರಿಸಿದ್ದು ಬ್ಯಾಟರಿ ಸತ್ತ ಹೊತ್ತನ್ನು. ಇಂಜಿನ್ ನಿಂತು ಕೀ ಆನ್ ಇದ್ದರೆ ಬ್ಯಾಟರಿ ಬರಿದಾಗಲು ಗಂಟೆಗಟ್ಟಲೆ ಬೇಕು. ಕಾರು ಬೆಳಿಗ್ಗೆಯಿಂದಲೇ ಅಲ್ಲಿತ್ತು.

“ಹಂಗಾರೆ ನಾ ಬಾಗ್ಲು ತಗ್ದಾಗ ಟಕ್ ಅಂದಿದ್ದೇನ್ಲಾ?” ಚಿಕ್ಕಪ್ಪ ಕೇಳಿದರು.

“ಫ್ಯೂಸ್ ಸುಟ್ಟಿತ್ತಲ್ಲ. ಹೆಂಗಂತೈತೆ?”

“ನಂಗೇನ್ ಗೊತ್ತು? ಅಂತು.”

ನನ್ನ ನೆನಪಿನ ಹಾಗೆಯೇ ಅವರದೂ ಇರಬೇಕು ಎಂದುಕೊಂಡೆ.

ಬಾಡಿಗೆ ಮನೆಗೆ ಬಂದಾಗ ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಉತ್ಸಾಹದಿಂದ ಎಲ್ಲ ಹೇಳಿದೆ. ಅಪ್ಪ ಹೋದದ್ದು ಬೆಳಿಗ್ಗೆಯೇ ಇರಬೇಕು, ಕೆಟ್ಟ ನಕ್ಷತ್ರವಲ್ಲ, ಮನೆಗೆ ಹೋಗಬಹುದು ಎಂದೆ. ಅವಳ ಕೈ ನಿಂತಿತು.

“ಮೂರೂಕಾಲ್ಗೆ ಹೋದ್ರು, ಸಂಜೆಗೆಲ್ಲ ಸಿಕ್ಕುದ್ರು ಅಂತ ಎದೆ ಗಟ್ಟಿ ಮಾಡ್ಕಂಡಿದ್ದೆ. ಇವಾಗ ಬೆಳಗ್ಗಿಂದ ಒಬ್ರೇ ಕುಂತಿದ್ರು ಅಂತೀಯ.”

ಸುಲಿದ ಕಾಳಿನ ತಟ್ಟೆಯನ್ನು ಬದಿಗೆ ಸರಿಸಿದಳು.

“ಕುಂತಿದ್ದಾಗ ಉಸ್ರಿತ್ತೇನ್ಲಾ? ಹಿಂದ್ಗಡೆ ಗಾಡಿಗಳು ಬಂದು ಬಂದು ತಿರುಕ್ಕಂಡು ಹೋಗಿದ್ದು ಅವ್ರಿಗೆ ಕನ್ನಡೀಲಿ ಕಾಣ್ತಿತ್ತೇನೋ.”

ಈ ಪ್ರಶ್ನೆಗೆ ಟೆಸ್ಟ್ ಲ್ಯಾಂಪ್ ಇಲ್ಲ. ಅಪ್ಪ ಯಾವಾಗ ಹೋದರೆಂದು ಗಡಿಯಾರ ಹೇಳಿರಲಿಲ್ಲ. ಬೆಳಿಗ್ಗೆಯೇ ಎಂಬ ಮಾತನ್ನು ನಾನು ಸೇರಿಸಿಕೊಂಡಿದ್ದೆ.

ಮರುದಿನ ಅವಳೇ ನನ್ನನ್ನು ಕರೆದುಕೊಂಡು ಹೊರಟಳು. ಹಳ್ಳಿಯಲ್ಲಿ ಮನೆಯ ಕಡೆ ತಿರುಗಿಯೂ ನೋಡದೆ ಶೆಡ್ಡಿಗೆ ನಡೆದು, ಕಾರಿನ ಒಳಗೆ, ಸ್ಟೀರಿಂಗಿನ ಪಕ್ಕದ ಸೀಟಿನಲ್ಲಿ ಕೂತಳು. “ಬಾಗ್ಲಾಕು,” ಎಂದಳು. ಹಾಕಿ ಹೊರಗೆ ನಿಂತೆ. ಅವಳು ಅಲ್ಲಾಡದೆ ಕೂತಿದ್ದಳು. ನಾನೂ ಸದ್ದು ಮಾಡದೆ ಕಾದೆ. ಕಾರಿನ ಹಿಂದೆಯೇ ನಿಂತು ಕಾಯುತ್ತಿದ್ದೇನೆಂದು ತಡವಾಗಿ ಗೊತ್ತಾಯಿತು.

ಟಕ್.

ಅಮ್ಮ ಬೆಚ್ಚಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾನೇ ಬಾಗಿಲು ತೆರೆದು ಇಳಿದಳು. “ಬೀಗದ ಕೈ ಎಲ್ಲೋ?” ಎಂದು ಕೇಳಿ ಮನೆಯ ಕಡೆ ನಡೆದಳು.

ಹಿಂದಿನ ದಿನ ಪಾಯಿಂಟುಗಳನ್ನು ಬಿಡಿಸಿ, ಗಡಿಯಾರವನ್ನು ಕಾರಿಗೆ ಕೂರಿಸಿ, ಹೊಸ ಬ್ಯಾಟರಿಗೆ ಮತ್ತೆ ತಂತಿ ಕೊಟ್ಟಿದ್ದೆ. ಫ್ಯೂಸನ್ನು ಮತ್ತೆ ಹಾಕಿದ್ದೆನೇ ಎಂಬುದು ನೆನಪಿಲ್ಲ. ಬೀಗದ ಕೈಗೆಂದು ಜೇಬಿಗೆ ಕೈ ಹಾಕಿದಾಗ ಬೆರಳಿಗೆ ಗಾಜಿನ ಫ್ಯೂಸೊಂದು ತಗುಲಿತು. ಸುಟ್ಟದ್ದೋ ಹೊಸದೋ, ಬೆಳಕಿಗೆ ಹಿಡಿದು ನೋಡಲಿಲ್ಲ. ಅಮ್ಮ ಹೊಸ್ತಿಲಲ್ಲಿ ಕಾಯುತ್ತಿದ್ದಳು.