ರೆಡ್‌ಫರ್ನ್‌ನ ಹಳದಿ ಮೇಜು

ನಮ್ಮ ಅಡುಗೆಮನೆಯಲ್ಲೊಂದು ಹಳದಿ ಮೇಜು ಇದೆ. ಸನ್‌ಮೈಕಾ ಹೊದಿಸಿದ, ಒಂದು ಕಾಲಿನ ಕೆಳಗೆ ರಟ್ಟು ಮಡಚಿಟ್ಟ, ನಟ್ಟನಡುವೆ ಬಿಸಿ ಪಾತ್ರೆಯ ಸುಟ್ಟ ಗುರುತಿರುವ ಈ ಮೇಜಿನ ಮೇಲೆಯೇ ನಾನು ಚಪಾತಿ ಲಟ್ಟಿಸುವುದು, ಮಗಳು ಮೇಘನಾ ಅಕ್ಷರ ತಿದ್ದುವುದು, ಮೆಲ್ಬರ್ನಿನ ನಮ್ಮ ಬಡಾವಣೆ ಪಾಯಿಂಟ್ ಕುಕ್‌ನ ಗೆಳತಿಯರು ಬರುವರೆಂದರೆ ನಾನು ಸಂಕೋಚದಿಂದ ಬಟ್ಟೆ ಹಾಸುವುದು. ಸುಟ್ಟ ಗುರುತು ನಮ್ಮದಲ್ಲ. ಅದು ಯಾರದೆಂದು ಹೇಳುತ್ತೇನೆ. ಕೇಳಿದ ಮೇಲೆ ನಾನು ಮಾಡಿದ್ದು ಏನೆಂದು ನಿಮಗಾದರೂ ತಿಳಿದರೆ ಸಾಕು, ನನಗಂತೂ ತಿಳಿದಿಲ್ಲ.

ಎರಡು ಸಾವಿರದ ಐದರ ಸುಮಾರಿಗೆ ನಾವು ಸಿಡ್ನಿಯ ರೆಡ್‌ಫರ್ನ್ ಸ್ಟೇಷನ್ನಿನ ಹತ್ತಿರ ಬಾಡಿಗೆಗಿದ್ದೆವು. ಹೊಸದಾಗಿ ಬಂದ ನಮ್ಮವರಿಗೆಲ್ಲ ಒಂದು ಉಪಾಯ ಗೊತ್ತಿತ್ತು: ಇಲ್ಲಿಯವರು ಬೇಡವಾದ ಸಾಮಾನನ್ನು ರಸ್ತೆಯಂಚಿಗೆ ಇಡುತ್ತಾರೆ, ಬೇಕಾದವರು ಒಯ್ಯಬಹುದು. ಮೈಸೂರಿನಲ್ಲಿ ಪರರ ಮನೆಯ ಚಮಚವನ್ನೂ ಮುಟ್ಟದ ನಾವು ಇಲ್ಲಿ ವಾಕಿಂಗ್ ಎಂಬ ಸಭ್ಯ ಹೆಸರಿನಲ್ಲಿ ಬೀದಿ ಬೀದಿ ಅಲೆದು ಮಂಚ, ಸೋಫಾ, ಟೀವಿ ಎಲ್ಲ ಹೊಂದಿಸಿಕೊಂಡೆವು. ಒಂದು ಶನಿವಾರ, ಸ್ಟೇಷನ್ನಿನಾಚೆಯ ಬೀದಿಯಲ್ಲಿ ಈ ಮೇಜು ಕಂಡಿತು.

"ಬೇಗ ಆ ಕಡೆ ಹಿಡ್ಕೊಳೇ, ಬೇರೆ ಯಾರಾದ್ರೂ ತಗೊಂಡ್ಬಿಡ್ತಾರೆ," ಎಂದ ನನ್ನ ಗಂಡ ಪ್ರಕಾಶ. ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದ ವಯಸ್ಸಾದ ಕಪ್ಪು ಹೆಂಗಸೊಬ್ಬರು ನಮ್ಮನ್ನು ನೋಡುತ್ತಿದ್ದರು. ನಾವು ನಕ್ಕೆವು, ಅವರೂ ನಕ್ಕರು.

ಮೂರು ವಾರದ ನಂತರ ಸ್ಟೇಷನ್ನಿನೆದುರು ಅವರೇ ನನ್ನನ್ನು ತಡೆದರು. ಅವರ ಇಂಗ್ಲಿಷು ನನ್ನ ಕಿವಿಯಲ್ಲಿ ಹೀಗೆ ಉಳಿದಿದೆ: "ನನ್ನ ಟೇಬಲ್ ಹೇಗಿದೆ ಕಣಮ್ಮ?" ಅದು ಕಸವಾಗಿರಲಿಲ್ಲ. ಅವತ್ತು ಅವರು ಮನೆ ಖಾಲಿ ಮಾಡಿ, ಸಾಮಾನು ಹೊರಗಿಟ್ಟು ಲಾರಿಗೆ ಕಾಯುತ್ತಿದ್ದರು. ನನಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು.

"ಯಾಕೆ ಹೇಳ್ಲಿಲ್ಲ ಆಂಟಿ?" ಎಂದೆ.

"ಅವತ್ತು ಯಾರ ಜೊತೇನೂ ಜಗಳ ಆಡೋ ಶಕ್ತಿ ಇರ್ಲಿಲ್ಲ."

ಬೀದಿಯವರೆಲ್ಲ ಆಂಟಿ ಡಾಟ್ ಎನ್ನುತ್ತಿದ್ದ ಅವರು ಈ ನೆಲದ ಮೂಲನಿವಾಸಿಗಳು. ತಮ್ಮನ್ನು ಬ್ಲ್ಯಾಕ್ ಎಂದು ಹೆಮ್ಮೆಯಿಂದಲೇ ಕರೆದುಕೊಳ್ಳುವವರು. ಮರುವಾರ ನಮ್ಮ ಮನೆಗೆ ಚಹಾಕ್ಕೆ ಬಂದಾಗ ಸುಟ್ಟ ಗುರುತಿನ ಮೇಲೆ ಅಂಗೈಯಿಟ್ಟು ಹೇಳಿದರು: ಅವರ ತಂದೆ ಒಳನಾಡಿನಿಂದ ರೈಲ್ವೆ ಕಾರ್ಖಾನೆಯ ಕೆಲಸಕ್ಕೆ ಬಂದದ್ದು, ಕಪ್ಪು ಜನರಿಗೆ ಯಾರೂ ಮನೆ ಕೊಡದಿದ್ದಾಗ ಒಂದೇ ಮನೆಯಲ್ಲಿ ಹತ್ತಾರು ಜನ ಉಳಿದದ್ದು, ಹೋರಾಡಿ ಕಡೆಗೆ ಆ ಬೀದಿಯನ್ನೇ ತಮ್ಮದಾಗಿಸಿಕೊಂಡದ್ದು, ರೈಲಿಳಿದು ಬಂದ ನೆಂಟರು ಮೊದಲ ಊಟ ಈ ಮೇಜಿನ ಮೇಲೆ ಉಂಡದ್ದು. ಆಮೇಲೆ ಬೀದಿಗೆ ಕೆಟ್ಟ ಹೆಸರು ಬಂತು, ನೆಲಕ್ಕೆ ಒಳ್ಳೆಯ ಬೆಲೆ ಬಂತು, ಕೊನೆಗೆ ನವೀಕರಣ ಬಂತು. "ಗೋಡೆ ಬೀಳ್ತಾ ಇತ್ತು, ಸುಳ್ಳು ಯಾಕೆ ಹೇಳ್ಲಿ? ಹೊಸ ಮನೆ ಕಟ್ಟಿ ವಾಪಸ್ ಕರೀತೀವಿ ಅಂದಿದಾರೆ. ನಮ್ಮವ್ರಲ್ಲೇ ಅರ್ಧ ಜನ ನಂಬಿದಾರೆ, ಅರ್ಧ ಜನ ನಂಬಿಲ್ಲ."

"ನೀವು?"

"ಬೆಳಿಗ್ಗೆ ನಂಬ್ತೀನಿ," ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಮನೆಗಳನ್ನು ಕೆಡವಲೆಂದು ಆ ಬೀದಿಗೆ ಬೇಲಿ ಬಿದ್ದ ದಿನ, ಇನ್ನು ಭಯವಿಲ್ಲದೆ ಓಡಾಡಬಹುದು ಎಂದು ಅಮ್ಮನಿಗೆ ಫೋನಿನಲ್ಲಿ ಸಂತೋಷದಿಂದ ಹೇಳಿದ್ದೆ. ನನಗೆ ಭಯ ಯಾರದಿತ್ತು? ಈ ಆಂಟಿಯದೇ? ಮೇಜು ಒಯ್ಯಿರಿ ಎಂದು ಅಂಗಲಾಚಿದೆ. ಊರಾಚೆಯ ಸಬರ್ಬಿನಲ್ಲಿ ಸಿಕ್ಕ ಮನೆ ಇಕ್ಕಟ್ಟು, ಜಾಗವಾದಾಗ ಕೇಳುತ್ತೇನೆ, ಅಲ್ಲಿಯವರೆಗೆ ಜೋಪಾನವಾಗಿಟ್ಟಿರು ಎಂದರು. ಮರುವರ್ಷ ನಾವು ಮೆಲ್ಬರ್ನಿಗೆ ಬಂದೆವು. ಹೊರಡುವಾಗ ಅವರಿಗೆ ಫೋನ್ ಮಾಡಿ ಹೇಳಿಯೇ ಮೇಜನ್ನು ಜೊತೆಗೆ ತಂದೆ.

ಕಳೆದ ವಾರ, ನಾಲ್ಕು ವರ್ಷದ ನಂತರ, ಅವರ ಫೋನ್ ಬಂತು. ದೊಡ್ಡ ಮನೆ ಸಿಕ್ಕಿದೆಯಂತೆ, ಹಳೆಯ ಬೀದಿಯಲ್ಲಲ್ಲ, ಇನ್ನೂ ದೂರದಲ್ಲಿ. ಕ್ರಿಸ್‌ಮಸ್‌ಗೆ ಚೆದುರಿಹೋದವರೆಲ್ಲ ಬರುತ್ತಾರಂತೆ. ಟ್ರಕ್ ಓಡಿಸುವ ತಮ್ಮನ ಮಗ ಮೆಲ್ಬರ್ನ್ ಕಡೆಗೇ ಬರುತ್ತಿದ್ದಾನೆ, ಮೇಜು ಇದೆಯಾ?

ಮೇಘನಾ ಅದರ ಮೇಲೆ ಮೊಣಕೈಯೂರಿ ಚಿತ್ರ ಬಿಡಿಸುತ್ತಿದ್ದಳು. "ಇಲ್ಲ ಆಂಟಿ, ಮೂವಿಂಗ್‌ನಲ್ಲಿ ಮುರಿದೋಯ್ತು," ಎಂದೆ.

ಯಾಕೆ ಹಾಗೆಂದೆನೋ ಈಗಲೂ ತಿಳಿಯದು. ಇಂಥ ಹತ್ತು ಮೇಜು ಕೊಳ್ಳುವ ಶಕ್ತಿ ನಮಗಿದೆ. ಐದು ವರ್ಷ ಕೈಯಲ್ಲಿದ್ದದ್ದು ನಮ್ಮದೇ ಎಂದು ಎಂದಿನಿಂದ ಅನ್ನಿಸತೊಡಗಿತು? ಬೀದಿಗಳನ್ನು ಖಾಲಿ ಮಾಡಿಸುವವರಿಗೂ ಹೀಗೇ, ಮೆಲ್ಲಗೆ, ತಮಗೇ ಗೊತ್ತಾಗದಂತೆ ಅನ್ನಿಸುತ್ತದೆಯೇ? ನಾಚಿಕೆಯಾಯಿತು; ಆದರೂ ಆಡಿದ ಮಾತನ್ನು ತಿದ್ದಿಕೊಳ್ಳಲಿಲ್ಲ.

"Amma, who's that?" ಎಂದಳು ಮೇಘನಾ.

ಅವಳ ದನಿ ಅವರಿಗೆ ಕೇಳಿಸಿರಬೇಕು. "ಅಯ್ಯೋ, ಮಗು ಬೇರೆ ಇದೆಯಾ! ಹಾಗಾದ್ರೆ ಊಟಕ್ಕೆ ಎಲ್ಲಿ ಕೂರಿಸ್ತೀಯಮ್ಮ ಅದನ್ನ?" ಎಂದರು ಆಂಟಿ ಡಾಟ್. "ಹುಡುಗ ಹೇಗೂ ಬರ್ತಾನೆ. ಇಲ್ಲಿ ಇನ್ನೊಂದು ಚಿಕ್ಕ ಟೇಬಲ್ ಇದೆ, ಕಳಿಸ್ತೀನಿ. ಅಡ್ರೆಸ್ ಹೇಳು."